ಕೀಲು ಯಾವ ಕಡೆಗೆ

ನಮ್ಮ ಮನೆಯ ಮುಂಬಾಗಿಲಿಗೆ ಎರಡು ಬಣ್ಣ. ಬೀದಿಯಿಂದ ನೋಡಿದರೆ ಎಡಗಡೆಯ ಕದ ಹಸಿರು, ಬಲಗಡೆಯದು ನೀಲಿ. ಹಸಿರು ದೊಡ್ಡಪ್ಪನದು, ನೀಲಿ ನಮ್ಮದು. ಮನೆ ಪಾಲಾದಾಗ ಅಣ್ಣತಮ್ಮ ಇಬ್ಬರೂ ಕೋಣೆ ಹಂಚಿಕೊಂಡರು, ಹಿತ್ತಿಲು ಹಂಚಿಕೊಂಡರು, ನೀರಿನ ತೊಟ್ಟಿಗೆ ನಡುವೆ ಇಟ್ಟಿಗೆ ಕಟ್ಟಿ ಅದನ್ನೂ ಹಂಚಿಕೊಂಡರು. ಕೊನೆಗೆ ಉಳಿದದ್ದು ಮುಂಬಾಗಿಲು. ಎರಡು ಕದ ಇದೆಯಲ್ಲ, ಆಳಿಗೊಂದು ಎಂದರು. ಬಾಗಿಲು ದಾಟಿದರೆ ಒಂದು ಮಂಚ ಹಿಡಿಯುವಷ್ಟು ಉದ್ದದ ನಡೆ. ಅದರ ಎಡಗೋಡೆಯಲ್ಲಿ ಅವರ ಬಾಗಿಲು, ಬಲಗೋಡೆಯಲ್ಲಿ ನಮ್ಮ ಬಾಗಿಲು. ನೆಲದಲ್ಲೂ ಅರ್ಧ ಕೆಂಪು ಗಾರೆ, ಅರ್ಧ ಬಿಳಿ ಟೈಲ್ಸು. ಅಂಚೆಯವನು ಬಂದಾಗಲೆಲ್ಲ, "ಈ ಕಾಗದ ಯಾವ ದೇಶಕ್ಕೆ?" ಎಂದು ಕೂಗುತ್ತಿದ್ದ. ನಗುವವರು ಯಾರೂ ಇರಲಿಲ್ಲ.

ಹಸಿರು ಕದ ತೆರೆದದ್ದನ್ನು ನಾನು ಬುದ್ಧಿ ಬಂದ ಮೇಲೆ ನೋಡಿದ್ದೇ ಇಲ್ಲ. ಮೇಲೊಂದು ಚಿಲಕ, ಕೆಳಗೊಂದು ಚಿಲಕ, ಎರಡೂ ಸದಾ ಹಾಕಿಯೇ ಇರುತ್ತಿದ್ದವು. ದೊಡ್ಡಪ್ಪನೂ ದೊಡ್ಡಮ್ಮನೂ ನಮ್ಮ ನೀಲಿ ಕದದಲ್ಲೇ ಓಡಾಡುತ್ತಿದ್ದರು. "ಅವನ ಕದ ಸವೀಬಾರ್ದು, ನಮ್ಮದು ಸವೆದು ಹೋಗ್ಬೇಕು. ಎಂಥಾ ಲೆಕ್ಕ ನೋಡು" ಎಂದು ಅಪ್ಪ ಹಲ್ಲು ಕಡಿಯುತ್ತಿದ್ದ. ಸಾಲದ್ದಕ್ಕೆ ಆಗಾಗ ದೊಡ್ಡಪ್ಪ ತನ್ನ ಕದಕ್ಕೆ ಸುತ್ತಿಗೆಯಿಂದ ಕುಟ್ಟುವ ಸದ್ದು. ಅದು ಕೇಳಿದ ಕೂಡಲೇ ಅಪ್ಪ ಟೀವಿಯ ಸದ್ದು ಏರಿಸುತ್ತಿದ್ದ. ನಮಗೆ ಕೇಳಲೆಂದೇ ಕುಟ್ಟುತ್ತಾನೆ ಎಂದು ನಾನೂ ನಂಬಿದ್ದೆ. ಅವರನ್ನು ಕಂಡರೆ ಮೈ ಉರಿಯುತ್ತಿತ್ತು.

ಅಪ್ಪ ಬಣ್ಣ ಬಳಿಯುವವನು. ಒಂದು ಹೊಸ ಕಟ್ಟಡದ ಸಾರುವೆ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಕಂಟ್ರಾಕ್ಟರು ಆಸ್ಪತ್ರೆಗೆ ಒಂದು ಸಲ ಬಂದು, ಒಂದು ಡಜನ್ ಬಾಳೆಹಣ್ಣು ಇಟ್ಟು, ಫೋನು ಕಿವಿಗಿಟ್ಟುಕೊಂಡೇ ಹೊರಟುಹೋದ. ಶುಕ್ರವಾರ ಮನೆಗೆ ಕಳಿಸುತ್ತೇವೆ, ಆದರೆ ಕೆಲವು ತಿಂಗಳು ಗಾಲಿಕುರ್ಚಿ ಬೇಕು ಎಂದರು ಡಾಕ್ಟರು. ನಾನು ಕೆಲಸ ಮಾಡುವ ಟಯರ್ ಅಂಗಡಿಯ ಸಾಹುಕಾರರು ಎಲ್ಲಿಂದಲೋ ಒಂದು ಹಳೆ ಕುರ್ಚಿ ಕೊಡಿಸಿದರು. ಗಾಲಿಗೆ ಗಾಳಿ ತುಂಬಿ, ತಳ್ಳಿಕೊಂಡು ಮನೆಗೆ ತಂದೆ. ನೀಲಿ ಕದ ತೆರೆದು ಒಳಗೆ ನೂಕಿದೆ. ಕುರ್ಚಿ ನಿಂತಿತು. ಎರಡು ಗಾಲಿಯಲ್ಲಿ ಒಂದು ಒಳಗೆ, ಒಂದು ಹಸಿರು ಕದಕ್ಕೆ ತಗುಲಿ ಹೊರಗೆ.

"ಎತ್ತಿಕೊಂಡು ಬಂದ್ರಾಯ್ತು ಬಿಡು" ಎಂದಳು ಅಮ್ಮ.

ಆಸ್ಪತ್ರೆಗೆ ಹೋದಾಗ ಅದನ್ನು ಅಪ್ಪನಿಗೆ ಹೇಳಿದೆ. ಮಲಗಿದ್ದ ಮನುಷ್ಯ ಏಳಲು ನೋಡಿದ. "ಹೆಣ ಎತ್ತಿದ ಹಾಗೆ ಅವನ ಕಣ್ಣೆದುರಿಗೆ ನನ್ನ ಎತ್ತಿಕೊಂಡು ಹೋಗ್ತೀರಾ? ಕೂತು ಬರೋ ಹಾಗಿದ್ರೆ ಬರ್ತೀನಿ. ಇಲ್ಲಾಂದ್ರೆ ನನ್ನ ಅಕ್ಕನ ಮನೆಗೆ ಕಳಿಸಿಬಿಡಿ."

ಅತ್ತೆಯ ಮನೆ ಇರುವುದು ಬೇರೆ ಊರಿನಲ್ಲಿ, ಬಸ್ಸಿನಲ್ಲಿ ಒಂದು ಹಗಲಿನ ದಾರಿ. ಅಪ್ಪ ಹೋದರೆ ಅವನನ್ನು ನೋಡಿಕೊಳ್ಳಲು ಅಮ್ಮನೂ ಹೋಗಬೇಕು. "ಹೋದ್ರೆ ಅವರು ಬೇಗ ಬರಲ್ಲ ಕಣೋ" ಎಂದಳು ಅಮ್ಮ, ಕುರ್ಚಿಯ ಕೈಹಿಡಿ ಒರೆಸುತ್ತ. "ಅಲ್ಲೇ ಒಂದು ಮೂಲೆ ಹಿಡಿದು ಕೂತ್ಬಿಡ್ತಾರೆ. ನೀನು ಇಲ್ಲಿ, ನಾವು ಅಲ್ಲಿ. ಆಮೇಲೆ ಮನೆ ಅನ್ನೋದು ಎಲ್ಲಿರುತ್ತೆ?"

ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಆ ಹಸಿರು ಕದ ತೆರೆದರೆ ಕುರ್ಚಿ ಆರಾಮಾಗಿ ಒಳಗೆ ಬರುತ್ತದೆ. ಒಂದು ಕದ ತೆರೆಯಲು ಇಷ್ಟು ರಾಮಾಯಣವೇ? "ಕೇಳಿ ತೆಗಿಯೋ" ಎಂದಳು ಅಮ್ಮ. ಯಾರನ್ನು ಕೇಳುವುದು? ಮೇಲಿನ ಚಿಲಕ ಎಳೆದೆ, ಬಂತು. ಕೆಳಗಿನದಕ್ಕೆ ಎಣ್ಣೆ ಬಿಟ್ಟು ಕಾಲಲ್ಲಿ ಒದ್ದೆ, ಅದೂ ಬಂತು. ಕದ ಮಾತ್ರ ಅಲುಗಾಡಲಿಲ್ಲ. ಕಾಲೂರಿ ಬಲವೆಲ್ಲ ಹಾಕಿ ಎಳೆದೆ. ಗೋಡೆಯನ್ನೇ ಎಳೆದ ಹಾಗಾಯಿತು.

ಸಿಟ್ಟು ಒಂದು ಕಡೆ ಇರಲಿ, ಇದೇನಿದು ಎನಿಸಿತು. ಮೊಣಕಾಲೂರಿ ಕೂತು ಕದದ ಅಡಿ ನೋಡಿದೆ. ನೆಲಕ್ಕೂ ಕದಕ್ಕೂ ನಡುವೆ ಸಾಲಾಗಿ ಮರದ ಬೆಣೆಗಳು. ಒಂದರ ಮೇಲೊಂದು, ಹಲ್ಲಿನ ಮೇಲೆ ಹಲ್ಲು ಹುಟ್ಟಿದ ಹಾಗೆ. ಕೆಲವು ಕಪ್ಪಗೆ ಎಣ್ಣೆಗಟ್ಟಿದ್ದವು, ಕೆಲವು ಕಂದು, ಒಂದೆರಡು ಈಗಷ್ಟೇ ಕೆತ್ತಿದಂತೆ ಹಾಲಿನ ಬಣ್ಣ. ಕಿರುಗುಡದಿರಲೆಂದು ಕೆಲವಕ್ಕೆ ಬಟ್ಟೆಯ ಅಂಚು ಸುತ್ತಿತ್ತು. ಯಾರ ಕೆಲಸ ಎಂದು ಕೇಳುವಂತೆಯೇ ಇರಲಿಲ್ಲ, ದೊಡ್ಡಪ್ಪ ದರ್ಜಿ. ಸ್ಟೂಲು ಹತ್ತಿ ಮೇಲೆ ನೋಡಿದರೆ ಅಲ್ಲೂ ಬೆಣೆ. ಕದ ಕೀಲಿನ ಮೇಲೆ ನಿಂತಿರಲೇ ಇಲ್ಲ. ನೆಲದ ಮೇಲೆ ನಿಂತು, ತಲೆಯಿಂದ ಮೇಲಿನ ಅಡ್ಡಮರವನ್ನು ಹೊತ್ತಿತ್ತು. ಚೌಕಟ್ಟಿನ ಪಕ್ಕದ ಮರಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಸಲೀಸಾಗಿ ಹೋಯಿತು. ತೆಗೆದಾಗ ಗೆದ್ದಲು ಮಣ್ಣು ಜೊಳಜೊಳ ಸುರಿಯಿತು.

"ಲೇ! ಕೈ ತೆಗಿಯೋ ಅಲ್ಲಿಂದ!"

ದೊಡ್ಡಪ್ಪ. ಕುತ್ತಿಗೆಯಲ್ಲಿ ಟೇಪು, ಕೈಯಲ್ಲಿ ಕತ್ತರಿ.

"ಅದನ್ನ ಎಳೆದ್ರೆ ಗೋಡೆ ಬಂದು ನಿನ್ನ ನೆತ್ತಿ ಮೇಲೆ ಕೂರುತ್ತೆ. ಕಣ್ಣು ಕಾಣಲ್ವಾ?"

"ಈಗ ಕಾಣ್ತು. ನಿಮಗೆ ಯಾವಾಗ ಕಾಣ್ತು?"

"ಆಗಿನಿಂದ."

"ಆಗಿನಿಂದ ಅಂದ್ರೆ? ಇಷ್ಟು ವರ್ಷ ಬಾಯಿಗೆ ಬೆಣೆ ಹೊಡ್ಕೊಂಡಿದ್ರಾ?"

"ಯಾರಿಗೋ ಹೇಳ್ಲಿ? ನಿಮ್ಮಪ್ಪ ನನ್ನ ಜೊತೆ ಮಾತಾಡ್ತಾನಾ? ನೀನು ದಾರೀಲಿ ಸಿಕ್ರೆ ಮೂತಿ ತಿರುಗಿಸ್ಕೊಂಡು ಹೋಗೋನು." ಅವರು ಬಗ್ಗಿ, ನಾನು ಸಡಿಲಿಸಿದ್ದ ಒಂದು ಬೆಣೆಯನ್ನು ಕತ್ತರಿಯ ಹಿಂಬದಿಯಿಂದ ಮೆಲ್ಲಗೆ ಒಳಗೆ ತಳ್ಳಿದರು. "ಅಡ್ಡಮರ ಇಳೀತಾ ಬರುತ್ತೆ. ಇಳಿದಷ್ಟು ಕುಟ್ತೀನಿ. ಅಷ್ಟೇ ನನ್ನ ಕೈಲಾಗೋದು."

ಆಗ ಅವರ ಕಣ್ಣು ಗಾಲಿಕುರ್ಚಿಯ ಮೇಲೆ ಬಿತ್ತು. ಟೇಪು ಕುತ್ತಿಗೆಯಿಂದ ಇಳಿಯಿತು. ಯಾರನ್ನೂ ಕೇಳದೆ ಅದರ ಅಗಲ ಅಳೆದರು, ನೀಲಿ ಕದದ ಜಾಗ ಅಳೆದರು, ಮತ್ತೆ ಕುರ್ಚಿ ಅಳೆದರು. ಅಂಗಿಗೆ ಅಳತೆ ತೆಗೆಯುವವರ ಹಾಗೆ ತುಟಿಯಲ್ಲೇ ಏನೋ ಎಣಿಸಿಕೊಂಡು, "ಬಡಗೀನ ಕರಿ" ಎಂದು ಒಳಗೆ ಹೋಗಿಬಿಟ್ಟರು.

ಬಡಗಿ ಬಂದ. ಬಾಯಲ್ಲಿ ಬೆಂಕಿಕಡ್ಡಿ, ಕಿವಿಯಲ್ಲಿ ಪೆನ್ಸಿಲು. ಎರಡು ಬಣ್ಣದ ಕದ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. "ಇದೇನ್ರೀ, ಗಡಿ ಠಾಣೆಯಾ?" ಆಮೇಲೆ ತೇಗದ ಕದದ ಗುಣಗಾನ ಶುರು ಮಾಡಿದ. ತೇಗ ಅಂದ್ರೆ ತೇಗ, ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ, ಮೇಲೆ ಕೆತ್ತನೆ ಹಾಕಿಸಿದ್ರೆ ಬೀದಿಯೇ ನಿಂತು ನೋಡುತ್ತೆ.

"ಬೀದಿ ನೋಡೋದು ಬೇಡ. ಕುರ್ಚಿ ಒಳಗೆ ಬರಬೇಕು" ಎಂದೆ.

"ಹಂಗಾದ್ರೆ ಕೇಳಿ. ಚೌಕಟ್ಟು ಬೇರೆ, ಕದ ಬೇರೆ, ಕೀಲು, ಬೀಗ, ಹಿಡಿ ಬೇರೆ. ಹಳೇದು ಕಿತ್ತು ಹಾಕೋ ಕೂಲಿ ಬೇರೆ, ಹೊಸದು ಕೂರಿಸೋದು ಬೇರೆ. ಮೇಲೆ ಕಾಂಕ್ರೀಟಿನ ಅಡ್ಡಪಟ್ಟಿ ಬೇಕು. ಗಾರೆಯವನು ಅವನ ಲೆಕ್ಕ ಅವನು ಹೇಳ್ತಾನೆ. ಕಿತ್ತ ಮಣ್ಣು ಸಾಗಿಸೋಕೆ ಗಾಡಿ."

ಒಟ್ಟು ಹೇಳಿದ. ನನ್ನ ಮೂರು ತಿಂಗಳ ಸಂಬಳಕ್ಕಿಂತ ಹೆಚ್ಚು. ಅದರಲ್ಲಿ ಬಾಗಿಲು ಎಂಬ ವಸ್ತುವಿನ ಬೆಲೆ ಮೂರನೇ ಒಂದು ಭಾಗವೂ ಇಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ಕೇಳಿದ್ದೆ, ಇಲ್ಲಿ ಮೂಗುತಿಗಿಂತ ಅದನ್ನು ಚುಚ್ಚುವ ಕೂಲಿಯೇ ಭಾರ. ಒಂದು ಹಳೆ ಬೈಕಿಗೆಂದು ಕೂಡಿಟ್ಟದ್ದು ಕಣ್ಣ ಮುಂದೆ ಹೊಗೆ ಬಿಟ್ಟುಕೊಂಡು ಹೊರಟುಹೋಯಿತು.

"ಕಬ್ಬಿಣದ ಚೌಕಟ್ಟು ಹಾಕ್ಸಿ. ಗೆದ್ದಲಿಗೆ ಹಲ್ಲು ಮುರಿಯುತ್ತೆ, ಬೆಲೆಯೂ ಇಳಿಯುತ್ತೆ" ಎಂದು ಅವನೇ ಒಂದಿಷ್ಟು ಇಳಿದ. "ಪ್ಲೈವುಡ್ಡಿನ ಕದ, ನೀರು ತಡೆಯೋದು. ಅಗಲಕ್ಕೆ ಒಂದೇ ಕದ. ಸರಿ, ಕೀಲು ಯಾವ ಕಡೆ?"

"ಯಾವ ಕಡೆಯಾದ್ರೇನು?"

ಬಡಗಿ ಕಡ್ಡಿಯನ್ನು ಬಾಯಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಸಿ ನಕ್ಕ. ಜೇಬಿನಿಂದ ಸೀಮೆಸುಣ್ಣ ತೆಗೆದು ನಡೆಯ ನೆಲದ ಮೇಲೆ ಒಂದು ಕಮಾನು ಎಳೆದ. ಬಲಕ್ಕೆ ಕೀಲಿಟ್ಟರೆ ಕದ ತೆರೆದು ನಮ್ಮ ಗೋಡೆಗೆ ಒರಗುತ್ತದೆ, ಅಂದರೆ ನಮ್ಮ ಒಳಬಾಗಿಲನ್ನೇ ಮುಚ್ಚುತ್ತದೆ. ಕುರ್ಚಿಯನ್ನು ನಡೆಗೆ ತಂದು, ಹಿಂದೆ ಕದ ಮುಚ್ಚಿ, ಆಮೇಲೆ ಒಳಗೆ ತಿರುಗಿಸೋಣವೆಂದರೆ ನಡೆ ಅಷ್ಟು ಉದ್ದವಿಲ್ಲ. ನಾನು ಖಾಲಿ ಕುರ್ಚಿ ತಳ್ಳಿ ಹಿಂದೆ ಮುಂದೆ ಪ್ರಯತ್ನಿಸಿದೆ. ಸುಣ್ಣದ ಗೆರೆ ಪ್ರತಿಸಲವೂ ಗಾಲಿಗೆ ಅಡ್ಡ ಬಂತು.

"ಹೊರಕ್ಕೆ ತೆಗೆಯೋ ಹಾಗೆ ಮಾಡಿ."

"ಬಾಗಿಲಾಚೆ ಒಂದು ಗೇಣಿಗೆ ಬೀದಿ. ಹೋಗೋರ ಮೂಗು ಒಡೆದು ಕೈಗೆ ಕೊಡ್ತೀರಾ?"

"ಮತ್ತೆ ಎರಡು ಕದವೇ ಇರಲಿ."

"ಕುರ್ಚೀಲಿ ಕೂತೋರು ಮೇಲಿನ ಚಿಲಕಕ್ಕೆ ಹಾರ್ತಾರಾ?"

ಉಳಿದದ್ದು ಎಡಗಡೆ. ಎಡಕ್ಕೆ ಕೀಲಿಟ್ಟರೆ ಎಲ್ಲ ಸಲೀಸು. ಕುರ್ಚಿ ಬರುತ್ತದೆ, ಬಲಕ್ಕೆ ತಿರುಗುತ್ತದೆ, ಒಳಗೆ ಹೋಗುತ್ತದೆ. ಆದರೆ ಕದ ತೆರೆದು ನಿಂತಷ್ಟು ಹೊತ್ತು ದೊಡ್ಡಪ್ಪನ ಬಾಗಿಲು ಮುಚ್ಚಿಹೋಗುತ್ತದೆ.

ಸುಣ್ಣದ ಗೆರೆ ಅವರ ಹೊಸ್ತಿಲ ಮುಂದೆ ಹಾದುಹೋದದ್ದನ್ನು ದೊಡ್ಡಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಈಗ ಶುರು ಎಂದುಕೊಂಡೆ. ಬೈಗುಳಗಳನ್ನು ನಾಲಿಗೆಯ ತುದಿಯಲ್ಲಿ ಸಿದ್ಧಮಾಡಿಕೊಂಡೆ.

"ನಾವು ಹೊರಗೆ ಹೋಗೋದು ಹೇಗ್ರೀ?" ಎಂದು ಒಳಗಿನಿಂದ ದೊಡ್ಡಮ್ಮ.

"ಅದು ಮುಚ್ಚಿದ ಮೇಲೆ ಹೋಗು. ನಿನಗೇನು ರೈಲು ತಪ್ಪಿಹೋಗುತ್ತಾ?" ಎಂದರು. ಆಮೇಲೆ ಬಡಗಿಗೆ, "ನನ್ನ ಕಡೆ ಹಾಕು. ಚೌಕಟ್ಟಿನ ದುಡ್ಡು ನಂದು. ಕದದ ದುಡ್ಡು ಇವರದು. ಕೂಲಿ ಅರ್ಧರ್ಧ."

ಬಾಗಿಲನ್ನು ಅವರು ಮತ್ತೊಂದು ಸಲ ಪಾಲು ಮಾಡಿದ್ದರು. ನನ್ನ ಬೈಗುಳಗಳಿಗೆ ಕೆಲಸವಿಲ್ಲದಂತಾಯಿತು.

ಅವತ್ತು ಆಸ್ಪತ್ರೆಗೆ ನಡೆದೇ ಹೋದೆ. ದಾರಿಯುದ್ದಕ್ಕೂ ಬಾಗಿಲುಗಳನ್ನು ನೋಡಿದೆ. ಹುಟ್ಟಿದಾಗಿನಿಂದ ಎಷ್ಟು ಬಾಗಿಲು ದಾಟಿದ್ದೇನೋ, ಯಾವುದರ ಕೀಲು ಯಾವ ಕಡೆ ಎಂದು ಕೇಳಿದರೆ ಒಂದೂ ಗೊತ್ತಿರಲಿಲ್ಲ. ಔಷಧಿ ಅಂಗಡಿಯದು ಬಲಕ್ಕೆ. ಕ್ಷೌರದಂಗಡಿಯದು ಎಡಕ್ಕೆ, ಏಕೆಂದರೆ ಬಲಕ್ಕೆ ಕನ್ನಡಿ. ಒಂದು ಮನೆಯ ಕದ ತೆರೆದು ಕಿಟಕಿಗೆ ಹೊಡೆಯುತ್ತಿತ್ತು, ಅದಕ್ಕೊಂದು ಹಳೆ ಚಪ್ಪಲಿ ಮೊಳೆ ಹೊಡೆದು ಮೆತ್ತಗೆ ಮಾಡಿದ್ದರು. ಹಾಗಾದರೆ ಪ್ರತಿ ಬಾಗಿಲಿನ ಹಿಂದೆಯೂ ಯಾರೋ ಒಬ್ಬರು, ಇದು ತೆರೆದಾಗ ಯಾರಿಗೆ ಅಡ್ಡ ಎಂದು ಯೋಚಿಸಿರಬೇಕು. ಅಥವಾ ಯೋಚಿಸದೆ ಜಗಳ ಆಡಿರಬೇಕು. ಆಸ್ಪತ್ರೆಯ ಕದಗಳು ಒಳಕ್ಕೂ ತೂಗುತ್ತಿದ್ದವು, ಹೊರಕ್ಕೂ ತೂಗುತ್ತಿದ್ದವು. ಎರಡು ಸಲ ತಳ್ಳಿ ನೋಡಿದೆ. ಮೂರನೆಯ ಸಲ ನರ್ಸು, "ಇದೇನು ಉಯ್ಯಾಲೆನಾ?" ಎಂದು ಗದರಿದಳು.

ಅಪ್ಪನಿಗೆ ಎಲ್ಲ ಹೇಳಿದೆ. ಗೋಡೆ, ಬೆಣೆ, ಅಗಲದ ಕದ, ಕೀಲು. ಕೀಲಿನ ಮಾತು ಬಂದದ್ದೇ ಅವನ ಮುಖ ಗಂಟಾಯಿತು.

"ಕದ ಪೂರ್ತಿ ಅವನ ಕಡೆ ನೇತಾಡ್ಬೇಕಾ? ನಾಳೆ ಬಾಗಿಲೇ ನಂದು ಅಂತಾನೆ. ಬೇಡ. ನಮ್ಮ ಕಡೆ ಹಾಕ್ಸು."

"ನಮ್ಮ ಕಡೆ ಹಾಕಿದ್ರೆ ನಿನ್ನ ಕುರ್ಚಿ ತಿರುಗಲ್ಲ ಅಪ್ಪ. ಗೆರೆ ಎಳೆದು ನೋಡಿದ್ವಿ."

"ತಿರುಗದಿದ್ರೆ ಬಿಡು. ಅಕ್ಕನ ಮನೆ ಇದೆ."

ಇಷ್ಟು ಹೊತ್ತು ನನಗೆ ಹೊಳೆಯದ ಒಂದು ಪ್ರಶ್ನೆ ಆಗ ಹೊಳೆಯಿತು. ಮರ ಟೊಳ್ಳಾಗಿದೆ, ಗೋಡೆ ಬೆಣೆಯ ಮೇಲೆ ನಿಂತಿದೆ ಎಂದು ಹೇಳಿದಾಗ ಈ ಮನುಷ್ಯ ಹೌದಾ ಎಂದು ಕೂಡ ಕೇಳಲಿಲ್ಲವಲ್ಲ?

"ಗೆದ್ದಲು ಹಿಡಿದಿರೋದು ನಿನಗೆ ಗೊತ್ತಿತ್ತಾ?"

ಅಪ್ಪ ಕಿಟಕಿಯ ಕಡೆ ನೋಡಿದ.

"ಅಪ್ಪ, ಕೇಳ್ತಿರೋದು ನಿನ್ನನ್ನೇ."

"ಸಾರುವೆ ಕಟ್ಟಿ ಕಟ್ಟಿ ಕೈ ಸವೆದಿದೆ. ಬೆಣೆ ಹೊಡೆಯೋ ಸದ್ದು ನನಗೆ ಗೊತ್ತಾಗಲ್ವಾ?"

"ಮತ್ತೆ ಟೀವಿ ಯಾಕೆ ಜೋರು ಮಾಡ್ತಿದ್ದೆ?"

"ಕೇಳಿಸಿದ್ರೆ ಏನಾದ್ರೂ ಮಾಡ್ಬೇಕಲ್ಲ." ಹೊದಿಕೆಯ ಅಂಚು ಎಳೆದುಕೊಂಡು, "ಅವನೇ ಮೊದ್ಲು ಬಾಯಿ ಬಿಡ್ಲಿ ಅಂತಿದ್ದೆ" ಎಂದ.

ನಾನು ಎದ್ದು ನಿಂತೆ. ಪಕ್ಕದ ಹಾಸಿಗೆಯವರು ತಿರುಗಿ ನೋಡುವಷ್ಟು ದನಿ ಏರಿತು. "ಅಮ್ಮ ದಿನಾ ಅದರ ಕೆಳಗೆ ತರಕಾರಿ ಹಿಡ್ಕೊಂಡು ಓಡಾಡ್ತಾಳೆ. ದೊಡ್ಡಮ್ಮ ಓಡಾಡ್ತಾರೆ. ನಾನು ಓಡಾಡ್ತೀನಿ. ನಿಮ್ಮಿಬ್ಬರ ಗತ್ತಿಗೆ ನಾವೆಲ್ಲ ತಲೆ ಕೊಡ್ಬೇಕಾ? ಅವರಾದ್ರೂ ಕುಟ್ತಿದ್ರು. ನೀನು ಟೀವಿ ನೋಡ್ತಿದ್ದೆ!"

ಬಾಗಿಲವರೆಗೆ ಹೋಗಿ ತಿರುಗಿದೆ.

"ನಾಳೆ ಕೆಲಸ ಶುರು. ಕೀಲು ಎಡಕ್ಕೆ. ಶುಕ್ರವಾರ ವ್ಯಾನು ತರ್ತೀನಿ. ಮನೆಗೋ ಬಸ್ಟ್ಯಾಂಡಿಗೋ, ಡ್ರೈವರಿಗೆ ನೀನೇ ಹೇಳು."

ಮಾರನೆಯ ದಿನ ಅಂಗಡಿಯಿಂದ ಎರಡು ಲಾರಿ ಜ್ಯಾಕು ತಂದೆ. "ಲಾರಿ ಎತ್ತಿದ್ದು ನೋಡಿದೀನಿ, ಮನೆ ಎತ್ತೋನ್ನ ಇವತ್ತೇ ನೋಡಿದ್ದು" ಎಂದರು ಸಾಹುಕಾರರು, ಆದರೆ ಕೊಟ್ಟರು. ಗಾರೆಯವನು ಅಡ್ಡಮರದ ಕೆಳಗೆ ದಪ್ಪ ಹಲಗೆ ಕೊಟ್ಟ, ನಾವು ಎರಡೂ ಕಡೆ ಜ್ಯಾಕು ನಿಲ್ಲಿಸಿದೆವು. ದೊಡ್ಡಪ್ಪ ಒಂದರ ಹಿಡಿ, ನಾನು ಒಂದರ ಹಿಡಿ. "ಒಟ್ಟಿಗೆ, ಒಟ್ಟಿಗೆ! ಅವಸರ ಮಾಡ್ಬೇಡ, ಇದು ಟಯರಲ್ಲ" ಎಂದು ಅವರು, "ನಿಮ್ಮ ಕಡೆ ಹಿಂದೆ ಬಿದ್ದಿದೆ" ಎಂದು ನಾನು. ಅಡ್ಡಮರ ಕೂದಲೆಳೆಯಷ್ಟು ಏರಿತು. ಅಷ್ಟಕ್ಕೇ ಹಸಿರು ಕದ ತಾನಾಗಿ ಸಡಿಲವಾಗಿ ಮುಂದಕ್ಕೆ ವಾಲಿತು. ಬಡಗಿ ಅದನ್ನು ತಬ್ಬಿ ಹಿಡಿದುಕೊಂಡ. ಚೌಕಟ್ಟಿನ ಮರ ಟೀಯಲ್ಲಿ ಅದ್ದಿದ ರಸ್ಕಿನಂತೆ ಕೈಯಲ್ಲೇ ಮುರಿದು ಬಂತು. ಇಷ್ಟು ವರ್ಷ ಇದನ್ನು ಬೀಗ ಹಾಕಿ ಕಾಯುತ್ತಿದ್ದೆವಲ್ಲ ಎಂದು ನಗು ಬಂತು. ಅದರ ಬೆನ್ನಿಗೇ ಮತ್ತೆ ಸಿಟ್ಟು ಬಂತು.

ಸಿದ್ಧವಾಗಿ ತಂದ ಹೊಸ ಅಡ್ಡಪಟ್ಟಿ ಏರಿತು, ಕಬ್ಬಿಣದ ಚೌಕಟ್ಟು ನಿಂತಿತು. ಗಾಲಿ ಹತ್ತಲೆಂದು ಹೊಸ್ತಿಲು ಇಡಿಸದೆ ಸಿಮೆಂಟಿನ ಸಣ್ಣ ಇಳಿಜಾರು ಮಾಡಿಸಿದೆವು. ಹಾಗೆ ಮಾಡಿದರೆ ಮಳೆನೀರು ಒಳಗೆ ಬರುತ್ತದೆ ಎಂದು ಬಡಗಿ ಹಟ ಹಿಡಿದ. ಇಳಿಜಾರನ್ನು ಬೀದಿಯ ಕಡೆಗೇ ಕೊಟ್ಟಿದ್ದೇನೆ, ನಿನ್ನ ಕೆಲಸ ನೋಡು ಎಂದು ಗಾರೆಯವನು ಜಗಳಕ್ಕೆ ನಿಂತ. ಇಬ್ಬರಿಗೂ ಟೀ ಕೊಟ್ಟು ಅಮ್ಮ ಸುಮ್ಮನಾಗಿಸಿದಳು. ಗುರುವಾರ ಸಂಜೆಗೆ ಕದ ಕೀಲಿಗೆ ಕೂತಿತು. ಬೂದು ಬಣ್ಣದ ಪ್ರೈಮರ್ ಬಳಿದು ಅಷ್ಟಕ್ಕೆ ಬಿಟ್ಟೆವು. ಮುಂದಿನ ಬಣ್ಣ ಯಾವುದು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಶುಕ್ರವಾರ ವ್ಯಾನಿನಲ್ಲಿ ಅಪ್ಪನ ಪಕ್ಕ ಕೂತೆ. ಆಸ್ಪತ್ರೆಯ ಗೇಟಿನಲ್ಲಿ ಡ್ರೈವರು, "ಯಾವ ಕಡೆಗೆ ಸಾರ್?" ಎಂದು ಕೇಳಿದ. ನಾನು ಅಪ್ಪನ ಕಡೆ ನೋಡಿದೆ. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೊರಗೆ ನೋಡಿದಳು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ.

"ಮನೆಗೆ" ಎಂದ ಅಪ್ಪ. "ಬಾಗಿಲು ಹೇಗಿದೆಯೋ ನೋಡೋಣ."

ಕುರ್ಚಿ ಇಳಿಜಾರು ಹತ್ತಿತು, ಬಾಗಿಲು ದಾಟಿತು, ಬಲಕ್ಕೆ ತಿರುಗಿತು. ಎರಡೂ ಕಡೆ ಕೈಯಗಲ ಜಾಗ ಉಳಿಯಿತು. ಎಡಗಡೆಯಲ್ಲಿ ತೆರೆದ ಕದದ ಹಿಂದಿನಿಂದ ಕೇಳುತ್ತಿದ್ದ ಹೊಲಿಗೆ ಯಂತ್ರದ ಸದ್ದು ನಿಂತಿತು. ಅಪ್ಪ ಆ ಕಡೆ ನೋಡಲಿಲ್ಲ. ಕದದ ಮೈ ಮೇಲೆ ಬೆರಳು ಎಳೆದು, "ಪ್ರೈಮರ್ ಒಂದೇ ಕೋಟು ಹೊಡೆದಿದಾರೆ, ಕಳ್ಳರು" ಎಂದ. ಹೊಡೆದವನು ನಾನು.

ಭಾನುವಾರ ಬೆಳಿಗ್ಗೆ ಅಪ್ಪನಿಗೆ ಬಿಸಿಲು ಕಾಯುತ್ತ ಬಾಗಿಲ ಬಳಿ ಕೂರುವ ಮನಸ್ಸಾಯಿತು. ಯಾರನ್ನೂ ಕರೆಯದೆ ತಾನೇ ಗಾಲಿ ತಿರುಗಿಸಿಕೊಂಡು ಹೋಗಿ ಕದ ಎಳೆದ. ಧಡ್ ಎಂಬ ಸದ್ದು. ಅದರ ಹಿಂದೆಯೇ, "ಅಯ್ಯೋ!"

ನಾನು ಎದ್ದೆ. ಅಮ್ಮ ಅಡುಗೆಮನೆಯಿಂದಲೇ ಸೌಟು ತೋರಿಸಿ, ಕೂತ್ಕೋ ಎಂದು ಸನ್ನೆ ಮಾಡಿದಳು.

"ಹೇಳಿ ತೆಗೆಯೋಕೇನು ಧಾಡಿ ನಿನಗೆ?" ದೊಡ್ಡಪ್ಪನ ದನಿ. "ಮೊಣಕೈ ಹೋಯ್ತು! ನಾಳೆ ಬಟ್ಟೆ ಕತ್ತರಿಸೋಕೆ ನೀನು ಬರ್ತೀಯಾ?"

"ಕೆಮ್ಮಿಕೊಂಡು ಬರೋಕೆ ನಿನಗೇನು ರೋಗ? ಕದದ ಹಿಂದೆ ಕಳ್ಳನ ಹಾಗೆ ನಿಂತಿದ್ರೆ ನನಗೇನು ಕನಸು ಬೀಳುತ್ತಾ?"

"ನನ್ನ ಬಾಗಿಲಲ್ಲಿ ನಾನು ನಿಲ್ಲೋಕೆ ನಿನ್ನ ಅಪ್ಪಣೆ ಬೇಕೇನೋ?"

"ನಿನ್ನ ಬಾಗಿಲಲ್ಲಿ ನಿಲ್ಲು. ನನ್ನ ಕದದ ದಾರೀಲಿ ನಿಲ್ಲಬೇಡ!"

"ಕದ ನಿಂದಾದ್ರೆ ಚೌಕಟ್ಟು ನಂದು. ಕಿತ್ಕೊಂಡು ಹೋಗ್ಲಾ?"

ಅದೇ ಶುರು. ಈಗ ದಿನವೂ ಹೀಗೆಯೇ. ಅಪ್ಪ ಹೊರಗೆ ಹೊರಟರೆ ಕದಕ್ಕೆ ಕೈ ಹಾಕುವ ಮೊದಲು ಕೂಗಬೇಕು, ದೊಡ್ಡಪ್ಪ ಹೊರಟರೆ ತನ್ನ ಹೊಸ್ತಿಲು ದಾಟುವ ಮೊದಲು ಕೂಗಬೇಕು. ಕೂಗದವನಿಗೆ ಪೆಟ್ಟು, ಕೂಗಿದವನಿಗೆ ಬೈಗುಳ. ನನಗೆ ಇಬ್ಬರ ಮೇಲಿನ ಸಿಟ್ಟೂ ಇಳಿದಿಲ್ಲ. ಆದರೂ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ, ಇವತ್ತು ಏನು ಕೂಗುತ್ತಾರೋ ಎಂದು ಕೇಳಿಕೊಂಡೇ ಹೋಗೋಣವೆನಿಸಿ ಶೂ ಲೇಸು ಕಟ್ಟುವುದನ್ನು ನಿಧಾನ ಮಾಡುತ್ತೇನೆ.

"ತೆಗೀತಿದೀನಿ!" ಎಂದ ಇವತ್ತು ಅಪ್ಪ.

"ತಡಿಯೋ, ಚಪ್ಪಲಿ ಹಾಕ್ಕೋತಿದೀನಿ!"

ಅಪ್ಪ ಕದದ ಹಿಡಿಯ ಮೇಲೆ ಕೈಯಿಟ್ಟು ಕಾದ. ಇನ್ನಷ್ಟು ಕಾದ.

"ಹಾಕ್ಕೋತಿದೀಯೋ, ಹೊಲೀತಿದೀಯೋ?"